ತೋರಣಾದ ಪಾತರಗಿತ್ತಿ

ಬಿಳಿ ಜೀಪು ಇನ್ನೂ ಬೆನ್ನು ಬಿಟ್ಟಿರಲಿಲ್ಲ. ಸ್ಕೂಟರಿನ ಹಿಂದೆ ಕೂತಿದ್ದ ಮಾಂತು ಸ್ವಾರಗೇಟಿನಿಂದ ಅದನ್ನು ಹೊರಳಿ ಹೊರಳಿ ನೋಡಿ, ಕುತ್ತಿಗೆಯನ್ನು ಬೀಸುಕಲ್ಲಿನ ಗೂಟದಂತೆ ಸವೆಸಿಕೊಂಡಿದ್ದ.

"ನಮ್ಮವ್ವ ಕಳಿಸಿದವರ ಅದಾರೋ ಸಂಜು. ನನ್ನ ಹಿಡಕೊಂಡು ಹೋಗಾಕ ಬಂದಾರ."

"ಸುಮ್ನ ಕೂಡೋ. ಬ್ಯಾಂಕಿಗೆ ಕನ್ನಾ ಹಾಕೀಯೇನು?"

ಕನ್ನಕ್ಕಿಂತ ದೊಡ್ಡ ಅಪರಾಧ. ಅಂದು ಹಡಪಸರದ ಕಾಕಾನ ಮನೆಯಲ್ಲಿ ಸೊಲ್ಲಾಪುರದ ಕನ್ಯೆಯೊಬ್ಬಳನ್ನು ತೋರಿಸುವುದಿತ್ತು. ಮಾಂತು ಫೋಟೋ ಸಹ ನೋಡದೆ ಗೆಳೆಯನ ಜೊತೆ ಗುಡ್ಡಕ್ಕೆ ಪರಾರಿಯಾಗಿದ್ದ. 'ಪಾತರಗಿತ್ತಿ ನೋಡಾಕ ಹೊಂಟೀನಿ' ಎಂದಾಗ ತಾಯಿ ಪಾರವ್ವ ಆಕಾಶ ಭೂಮಿ ಒಂದು ಮಾಡಬೇಕಿತ್ತು. ತೆಪ್ಪಗೆ ಬುತ್ತಿ ಕಟ್ಟಿಕೊಟ್ಟಳು. ಅವನ ದಿಗಿಲಿಗೆ ಅದೇ ಮೂಲ.

ಪೇಶವೆಯರ ಕಾಲದಿಂದ ಈಚೆಗೆ ಸದಾಶಿವ ಪೇಠೆಯಲ್ಲಿ ಮಾಂತುವಿನಷ್ಟು ಕನ್ಯಾ ನೋಡಿದ ಗಂಡಸು ಹುಟ್ಟಿಲ್ಲ. ಅವನು ತಿಂದ ಉಪ್ಪಿಟ್ಟನ್ನು ಗುಡ್ಡೆ ಹಾಕಿದ್ದರೆ ಸಿಂಹಗಡ ಅದರ ಮುಂದೆ ಇರುವೆಗೂಡು. ತಿಂದು, ಕೈ ತೊಳೆದು, 'ಊರಿಗೆ ಹೋಗಿ ಕಾಗದ ಹಾಕ್ತೀವ್ರಿ' ಎಂದು ಕೈ ಮುಗಿಯುತ್ತಿದ್ದ. ಆ ಕಾಗದವನ್ನು ಇಂದಿನವರೆಗೆ ಯಾವ ಟಪಾಲಿನವನೂ ಕಂಡಿಲ್ಲ.

ತೋರಣಾ ಗಡದ ಬುಡದಲ್ಲಿ ಜೀಪು ಅವರ ಪಕ್ಕದಲ್ಲೇ ನಿಂತಿತು. ಮಾಂತುವಿನ ಜೀವ ಬಾಯಿಗೆ ಬಂತು. ಇಳಿದದ್ದು ದುರ್ಬೀನು ತೂಗಿಕೊಂಡ ಒಬ್ಬ ಹುಡುಗಿ, ಹಿಂದೆ ಒಂದು ಮುದಿ ಜೋಡಿ.

"ಸಪ್ನಾ. ಪಾತರಗಿತ್ತಿ ವಿಷಯದಾಗ ಭಾಳ ಶಾಣ್ಯಾಕಿ," ಎಂದ ಸಂಜು. ಅವಳು ಮರಾಠಿಯಲ್ಲಿ ನಮಸ್ಕಾರ ಹೇಳಿದಳು. ಮರಾಠಿ ಮಂದಿ! ಅವ್ವ ಕನ್ನಡದ ಮನೆ ಬಿಟ್ಟು ಕನ್ಯಾ ನೋಡುವವಳಲ್ಲ. ಮಾಂತುವಿಗೆ ಹೋದ ಜೀವ ಬಂತು. ಮುದುಕಿ ಮಾತ್ರ ಅವನನ್ನು ಅಂಗಾಲಿನಿಂದ ನೆತ್ತಿಯವರೆಗೆ ಅಳೆದು ನೋಡಿ ಮರದಡಿ ಕೂತಳು.

ಏರುದಾರಿಯಲ್ಲಿ, ನೋಡಿ ಬಿಟ್ಟ ಕನ್ಯೆಯರ ಮಾತು ಬಂದು ಅವನ ಕನ್ನಡದ ಕಟ್ಟೆ ಒಡೆಯಿತು. ಇವಳಿಗೇನು ತಿಳಿಯುತ್ತದೆ!

"ಇಳಕಲ್ಲಿನಾಕಿ ನಡದ್ರ ಬಾತುಕೋಳಿ ನೋಡು. ಬಾಗಲಕೋಟಿಯಾಕಿ ಸೂಜಿಗೆ ದಾರ ಹಾಕೂದ್ರಾಗ ಹೊತ್ತ ಮುಳುಗಿತ್ತು!"

"ಸಣ್ಣಗ ಮಾತಾಡೋ," ಎಂದ ಸಂಜು, ಯಾಕೋ ಬೆವರುತ್ತ.

ಅಷ್ಟರಲ್ಲಿ ಮೊರದಗಲದ ಕಪ್ಪು-ನೀಲಿ ಪಾತರಗಿತ್ತಿಯೊಂದು ಹಾರಿಬಂತು. ಅದರ ರೆಕ್ಕೆಯ ಗಾಳಿಗೆ ಮಾಂತುವಿನ ಟೊಪ್ಪಿಗೆ ಹಾರಿತು.

"ಎಷ್ಟು ಹೂವಿನ ಮೇಲೆ ಕೂತು ಎದ್ದಿತೋ, ಲೆಕ್ಕ ಇಟ್ಟಿರಾ?" ಸಪ್ನಾ ಮರಾಠಿಯಲ್ಲಿ ಕೇಳಿದಳು.

"ಅದಕ್ಕೇನು, ಹೂವಿಗೆ ಬೇಸರವೇ?" ಎಂದು ಅವನೂ ಮರಾಠಿಯಲ್ಲೇ ನಕ್ಕ. ಅವಳು ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಚೀಲದ ಪಟ್ಟಿ ಹರಿಯಿತು. ಸೂಜಿ ದಾರ ಅವಳ ಬಳಿಯೇ ಇತ್ತು, ಪೋಣಿಸಿಕೊಡಿ ಎಂದಳು. ಮೀನಿನ ಕಣ್ಣಿಗೆ ಹೊಡೆದ ಅರ್ಜುನನೂ ನಾಚಬೇಕು, ಒಂದೇ ಏಟಿಗೆ ಪೋಣಿಸಿದ. ಆಮೇಲೆ, ಪೊದೆಯಲ್ಲಿ ಕೂತ ಪಾತರಗಿತ್ತಿ ಹಾರದಂತೆ ಆ ಬಂಡೆಯವರೆಗೆ ಮೆಲ್ಲಗೆ ಹೋಗಿ ಬನ್ನಿ ಎಂದಳು. ಹೋಗಿ ಬಂದ. ಅವಳು ಪಾತರಗಿತ್ತಿಯನ್ನು ಬಿಟ್ಟು ಅವನ ಕಾಲನ್ನೇ ನೋಡುತ್ತಿದ್ದಳು. ಅವನ ಎದೆಯಲ್ಲಿ ಸಾವಿರ ರೆಕ್ಕೆ ಬಡಿದವು.

ಇಳಿದು ಬಂದು ಮರದಡಿ ಬುತ್ತಿ ಬಿಚ್ಚಿದರು. ಅವಳ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮಾಂತುವಿಗೆ ಕೂತಲ್ಲಿ ಕೂರಲಾಗಲಿಲ್ಲ. ಹುಟ್ಟಿದಾಗಿನಿಂದ ಯಾವ ಹುಡುಗಿಯೂ ಅವನಿಗೆ ಈ ಗತಿ ತಂದಿರಲಿಲ್ಲ.

"ಸಂಜು, ಮರಾಠಿಯಾಕಿ ಆದ್ರೂ ನಡೀತದ. ಮಾಡ್ಕೊಂಡ್ರ ಇಕಿನ್ನ, ಇಲ್ಲಂದ್ರ ಸನ್ಯಾಸಿ ಆಕ್ಕೀನಿ. ಇಕಿದು ಯಾವೂರು ಕೇಳೋ!"

ಸಂಜು ಆಕಾಶ ನೋಡಿದ. ಮುದುಕ ಕೆಮ್ಮಿದ. ಸಪ್ನಾ ಸಾವಕಾಶ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಜೀಪು ಹತ್ತಿ, ಮಾಂತುವಿಗೆ ಕೈ ಮುಗಿದಳು.

"ಸೊಲ್ಲಾಪುರಕ್ಕ ಹೋಗಿ ಕಾಗದ ಹಾಕ್ತೀವ್ರಿ."