ಪಂಚೆಯ ತುದಿ

ಪಕ್ಕದ ಮನೆಯವರು ಮಗುವಿಗೆ ಸ್ನಾನ ಮಾಡಿಸಿ ಸಾಂಬ್ರಾಣಿ ಹಾಕಿದರೆ, ಆ ವಾಸನೆಗೆ ನಾನು ಈಗಲೂ ಕಿಟಕಿ ಮುಚ್ಚಿಬಿಡುತ್ತೇನೆ.

ಆಗ ನನಗೆ ಏಳು ವರ್ಷ, ತಂಗಿಗೆ ಹತ್ತು ತಿಂಗಳು. ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಅಜ್ಜಿ ಅವಳಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಅಜ್ಜನ ಹಳೇ ಪಂಚೆಯ ಮೇಲೆ ಕೂರಿಸಿದ್ದರು. ನಾನು ಅವಳ ಹಿಂದೆ ಗೋಡೆಗೆ ಒರಗಿ ಕೂತಿದ್ದೆ.

"ಎಷ್ಟು ಕೂಗಿದ್ರೂ ತಿರುಗಲ್ಲ ಅತ್ತೆ. ಡಾಕ್ಟ್ರಿಗೆ ತೋರ್ಸೋಣ," ಎಂದಳು ಅಮ್ಮ.

"ನಿನ್ನ ಗಂಡನೂ ಹಿಂಗೇ ಇದ್ದ. ತಾಳು, ಈಗ್ಲೇ ನೋಡೋಣ."

ಅಜ್ಜಿ ಮಗುವಿನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದರು. ನಾನು ಬೆಚ್ಚಿದೆ. ತಂಗಿ ತನ್ನ ಪಾಡಿಗೆ ಕಾಲ್ಗೆಜ್ಜೆ ಎಳೆಯುತ್ತಿದ್ದಳು. ಅಮ್ಮ ಅಳತೊಡಗಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಅಜ್ಜಿ ಮತ್ತೆ ಬಡಿದಾಗ, ಯಾರಿಗೂ ಕಾಣದಂತೆ ಪಂಚೆಯ ತುದಿಯನ್ನು ಕಾಲಿನಿಂದ ಎಳೆದೆ. ತಂಗಿ ತಿರುಗಿ ನೋಡಿ ನಕ್ಕಳು.

"ನೋಡಿದ್ಯಾ, ಕೇಳ್ಸುತ್ತೆ!" ಎಂದರು ಅಜ್ಜಿ. ಅಮ್ಮ ಅವಳನ್ನು ಎತ್ತಿಕೊಂಡು ಮುದ್ದಾಡಿದಳು.

ಕೊನೆಗೆ ಜಯನಗರದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ತಂಗಿಗೆ ಮೂರು ತುಂಬಿತ್ತು.

"ಇಷ್ಟು ದಿನ ಯಾಕಮ್ಮ ಕಾದ್ರಿ?" ಎಂದು ಅವರು ಕೇಳಿದರು.

"ತಟ್ಟೆ ಬಡಿದಾಗ ತಿರುಗಿದ್ಲು ಮೇಡಂ," ಎಂದ ಅಮ್ಮ ನನ್ನ ಕಡೆ ನೋಡಿದಳು. "ನೀನೂ ಅಲ್ಲೇ ಇದ್ಯಲ್ಲ. ತಿರುಗಿದ್ಲು ಅಲ್ವಾ?"

"ಹೂಂ," ಎಂದೆ.