ತಿರುವಿನಲ್ಲಿ ನಿಂತ ಕಾರು

ಬಿಸಿಯಾದ ಬ್ರೇಕಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಪೆರೇಸಂದ್ರದ ಬಳಿಯ ಆ ಇಳಿಜಾರು ನೆನಪಾಗುತ್ತದೆ.

ಅದು ತಾತನ ಕಾಲದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ನಾನು ಹುಟ್ಟುವ ಮೊದಲೇ ಬ್ರೇಕ್ ಹಿಡಿಯದೆ ಆ ಇಳಿಜಾರಿನ ತಿರುವಿನಲ್ಲಿ ಅದು ಉರುಳಿ ಬಿದ್ದಾಗ ದೊಡ್ಡಪ್ಪ ಒಂದು ಕಾಲು ಕಳೆದುಕೊಂಡಿದ್ದರು. ಓಡಿಸುತ್ತಿದ್ದವರು ಅಪ್ಪ. ಆಮೇಲೆ ರೇಷ್ಮೆ ಸಾಕುವ ಹುಳುಮನೆಯಲ್ಲಿ ಧೂಳು ತಿನ್ನುತ್ತಿದ್ದ ಅದನ್ನು ಅಪ್ಪ ಮತ್ತು ಹಳೆ ಕಾರುಗಳ ಹುಚ್ಚಿದ್ದ ಅವರ ಸ್ನೇಹಿತ ಅಕ್ರಂ ಮಾಮ ಸೇರಿ ಎರಡು ವರ್ಷ ದುಡಿದು ಎಬ್ಬಿಸಿದರು. ಮಾಮನ ಚಿಂತಾಮಣಿಯ ಗೆಳೆಯರು ಹೊಸ ಡಿಸ್ಕ್ ಬ್ರೇಕ್ ಹುಡುಕಿಕೊಟ್ಟರು.

ಮೊದಲ ಓಟದ ದಿನ ದೊಡ್ಡಪ್ಪ ಊರುಗೋಲನ್ನು ನನ್ನ ಕೈಗೆ ಕೊಟ್ಟು ಅಪ್ಪನ ಪಕ್ಕ ಕೂತರು.

"ಆ ತಿರುವಿಗೇ ಹೋಗಣ ಕಣೋ."

ಅಪ್ಪನ ಮುಖ ಬಿಳಿಚಿತು. "ಬೇಡಣ್ಣ."

"ಬ್ರೇಕ್ ಹಾಕಿರೋನು ನೀನೇ ತಾನೆ? ನಡಿ."

ನಾನು, ಅಕ್ರಂ ಮಾಮ ಬೈಕಿನಲ್ಲಿ ಮೊದಲೇ ಹೋಗಿ ತಿರುವಿನ ಅಂಚಿನಲ್ಲಿ ನಿಂತೆವು. ಕಾರು ಮೇಲಿನಿಂದ ವೇಗವಾಗಿ ಇಳಿಯಿತು. ಮಾಮ "ಯಾ ಅಲ್ಲಾ" ಎನ್ನುತ್ತ ನನ್ನ ಭುಜವನ್ನು ನೋಯುವಷ್ಟು ಬಿಗಿಯಾಗಿ ಹಿಡಿದರು. ಟೈರುಗಳು ಕಿರುಚಿದವು. ತಿರುವಿಗೆ ನಾಲ್ಕು ಮಾರು ಇರುವಾಗಲೇ ಕಾರು ನಿಂತಿತು.

ಅಪ್ಪ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ದೊಡ್ಡಪ್ಪ ಅವರ ಬೆನ್ನ ಮೇಲೆ ಕೈಯಿಟ್ಟರು.

"ನಿಂತ್ಕೊಂತಲ್ಲಪ್ಪ," ಎಂದರು. "ಏಳು, ಮನೆಗೆ ಹೋಗಣ."