ಅತ್ತೆಯ ಕೋಣೆಯ ಚಳಿ

ಗುರುವಾರ ಬೆಳಿಗ್ಗೆ ಭಾಗೀರಥಮ್ಮನವರ ಗಂಟಲು ಪೂರ್ತಿ ಕೈಕೊಟ್ಟಿತು. ಷಟ್ಪದಿಯ ಮೊದಲ ಪಾದ ಎತ್ತಿಕೊಳ್ಳಲು ಬಾಯಿ ತೆರೆದರೆ ತುಕ್ಕು ಹಿಡಿದ ಕೀಲು ತಿರುಗಿದಂಥ ಸದ್ದು. ಶನಿವಾರ ಸಂಜೆ ಬುಕಿತ್ ಬಾಟೋಕ್‌ನ ಕಮ್ಯುನಿಟಿ ಕ್ಲಬ್ ಹಾಲ್‌ನಲ್ಲಿ ಅವರ ಗಮಕ ವಾಚನ. ಅದಕ್ಕೆಂದೇ ಮೈಸೂರಿನಿಂದ ಕಡಲಾಚೆಯ ಪಾಸಿರ್ ರಿಸ್‌ನ ಮಗಳ ಮನೆಗೆ ಬಂದು ಎಂಟು ದಿನವಾಗಿತ್ತು.

“ಎಲ್ಲಾ ನಿಮ್ಮ ಏಸಿ ಮಹಿಮೆ,” ಎಂದಳು ಭಾನುಮತಿ, ತಾಯಿಗೆ ಬಿಸಿನೀರು ಕೊಟ್ಟು ಬಂದವಳೇ ಗಂಡನಿಗೆ. “ಅಮ್ಮನ ರೂಮು ಐಸ್‌ಕ್ರೀಮ್ ಡಬ್ಬಿ ಆಗಿದೆ.”

ದ್ವಾರಕನಾಥನಿಗೆ ಚುರುಕ್ಕೆಂದಿತು. ದೊಡ್ಡ ದೊಡ್ಡ ಆಫೀಸು ಕಟ್ಟಡಗಳ ತಂಪನ್ನು ಅಳೆದು ತೂಗಿ ಹಂಚುವುದೇ ಅವನ ವೃತ್ತಿ. ಮನೆಯಲ್ಲೂ ಕೋಣೆಗೊಂದು ಥರ್ಮೋಸ್ಟಾಟ್ ಗೋಡೆಗೆ ಕೂರಿಸಿದ್ದ. ಯಾವ ಕೋಣೆಗೆ ಎಷ್ಟು ಬೇಕೋ ಅಷ್ಟೇ ತಂಪು ಬಿಟ್ಟು ವಾಲ್ವ್ ತಾನಾಗಿ ಮುಚ್ಚಿಕೊಳ್ಳಬೇಕು. ಒಂದು ಚೂರೂ ಕರೆಂಟು ಪೋಲಾಗಬಾರದು. ಎಲ್ಲ ಕಡೆ ಇಪ್ಪತ್ತಾರು ಡಿಗ್ರಿ. ಯಾರೂ ಮುಟ್ಟಕೂಡದು ಎಂಬುದು ಮನೆಯ ಶಾಸನ.

“ಇಪ್ಪತ್ತಾರೇ ಸೆಟ್ ಮಾಡಿರೋದು ಕಣೆ. ನೋಡಿಲ್ಲಿ ಫೋನಲ್ಲಿ, ಅತ್ತೆ ರೂಮು ಇಪ್ಪತ್ತೊಂಬತ್ತು ತೋರಿಸ್ತಿದೆ. ಕಿಟಕಿ ತೆಗೆದಿಟ್ಟಿರ್ತಾರೆ ಪಾಪ. ಇನ್ನೂ ಕೂಲ್ ಆಗ್ಬೇಕು ಆಕ್ಚುಲಿ!”

“ಫೋನ್ ಬಿಡಿ. ಒಂದ್ಸಲ ಒಳಗೆ ಹೋಗಿ ಬನ್ನಿ.”

ಅತ್ತೆ ಬಂದ ಮೇಲೆ ಅವರ ಮಡಿ, ಪೂಜೆ ಎಂದು ಅವನು ಆ ಕಡೆ ಕಾಲಿಟ್ಟಿರಲಿಲ್ಲ. ಬಾಗಿಲು ತೆರೆದದ್ದೇ ಚಳಿ ಮುಖಕ್ಕೆ ರಾಚಿತು. ಕಿಟಕಿ ಭದ್ರವಾಗಿ ಮುಚ್ಚಿತ್ತು. ಸ್ವೆಟರಿನ ಮೇಲೊಂದು ಶಾಲು ಹೊದ್ದು ಕೂತಿದ್ದ ಭಾಗೀರಥಮ್ಮ ಅಳಿಯನನ್ನು ಕಂಡು ಗಡಬಡಿಸಿ ಎದ್ದರು. ತಲೆಯ ಮೇಲಿದ್ದ ಉಲ್ಲನ್ ಟೋಪಿಯನ್ನು ಸರಕ್ಕನೆ ಕಿತ್ತು ಬೆನ್ನ ಹಿಂದೆ ಬಚ್ಚಿಟ್ಟರು.

“ಚಳಿಯಾ ಅತ್ತೆ?”

“ಛೆ ಛೆ, ಏನಿಲ್ಲ. ಹಿತವಾಗಿದೆ,” ಎಂದರು ಪಿಸುದನಿಯಲ್ಲಿ. ಹಲ್ಲು ಕಟಕಟ ಎಂದದ್ದು ಅವನಿಗೂ ಕೇಳಿಸಿತು.

ಫಿಲ್ಟರ್ ನೋಡಿದ, ವಾಲ್ವ್ ನೋಡಿದ. ಎಲ್ಲ ಸರಿಯಾಗಿತ್ತು. ಕೊನೆಗೆ ಗೋಡೆಯತ್ತ ತಿರುಗಿದ. ಥರ್ಮೋಸ್ಟಾಟ್ ಇಪ್ಪತ್ತೊಂಬತ್ತು ಎನ್ನುತ್ತಿತ್ತು. ಅದರ ನೇರ ಕೆಳಗೆ, ಪುಟ್ಟ ಮೇಜಿನ ಮೇಲೆ, ದೇವರ ಪಟದ ಮುಂದೆ ಬೆಳ್ಳಿ ದೀಪವೊಂದು ಅಲುಗಾಡದೆ ಉರಿಯುತ್ತಿತ್ತು. ಥರ್ಮೋಸ್ಟಾಟಿನ ಬಿಳಿ ಪ್ಲಾಸ್ಟಿಕ್ ತಳ ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು.

“ಅತ್ತೆ, ಈ ದೀಪ…”

“ವಾಚನ ಮುಗಿಯೋವರೆಗೂ ಆರಬಾರದು ಅಂತ ಸಂಕಲ್ಪ. ಬೇರೆ ಎಲ್ಲಿಟ್ಟರೂ ಗಾಳಿ ಹೊಡೀತಿತ್ತು. ಆ ಮೂಲೆ ಒಂದೇ ಶಾಂತವಾಗಿತ್ತು.”

“ಅದರ ಬಿಸಿ ನೇರವಾಗಿ ಈ ಡಬ್ಬಿಗೆ ತಾಗ್ತಿದೆ. ರೂಮೇ ಕಾದುಹೋಗಿದೆ ಅಂದ್ಕೊಂಡು ಇದು ಎಂಟು ದಿನದಿಂದ ಬಿಡದೆ ಕೂಲ್ ಮಾಡ್ತಾನೇ ಇದೆ!”

“ಅಯ್ಯೋ ಪಾಪ,” ಎಂದರು ಭಾಗೀರಥಮ್ಮ, ಆ ಡಬ್ಬಿಯನ್ನೇ ಕನಿಕರದಿಂದ ನೋಡುತ್ತ.

ಬಾಗಿಲಲ್ಲಿ ನಿಂತಿದ್ದ ಭಾನುಮತಿ ಕಿಸಕ್ಕನೆ ನಕ್ಕಳು. “ಯಾರೂ ಮುಟ್ಟಬಾರದು ಅಂತ ರೂಲ್ ಮಾಡಿದ್ರಲ್ಲ, ಅಮ್ಮ ಮುಟ್ಟದೇ ಕೆಡಿಸಿದ್ರು ನೋಡಿ.”

ದ್ವಾರಕನಾಥನಿಗೆ ನಗು ಬರಲಿಲ್ಲ. “ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ? ಗಂಟಲು ಹೋಗೋವರೆಗೂ ಸುಮ್ನಿರೋದಾ?”

ಅವರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ಬಂದ ದಿನವೇ ನೀವು, ‘ಅತ್ತೆ, ನಿಮ್ಮ ರೂಮಿಗೇ ಅಂತ ಬೇರೆ ಕಂಟ್ರೋಲ್ ಹಾಕ್ಸಿದ್ದೀನಿ’ ಅಂದ್ರಿ. ಅಷ್ಟು ಆಸ್ಥೆಯಿಂದ ಮಾಡಿದ್ದನ್ನ ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅಳಿಯನ ಮನೆ ಬೇರೆ.”

ಮದುವೆಯಾದ ಹನ್ನೆರಡು ವರ್ಷದಲ್ಲಿ ಅತ್ತೆ ತನ್ನ ಹತ್ತಿರ ಒಂದು ಲೋಟ ನೀರನ್ನೂ ಕೇಳಿದವರಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ದೀಪವನ್ನು ಆಚೆ ಸರಿಸಲೆಂದು ಕೈ ಚಾಚಿದವನು ಅವರ ಮುಖ ನೋಡಿ ತಡೆದ. ಸಂಕಲ್ಪದ ದೀಪವನ್ನು ಕದಲಿಸುವಂತಿಲ್ಲ. ಅದನ್ನೂ ಅವರು ಬಾಯಿಬಿಟ್ಟು ಹೇಳಲಿಲ್ಲ. ಕಣ್ಣು ಮಾತ್ರ ಅವನ ಬೆರಳುಗಳ ಮೇಲೆ ನೆಟ್ಟಿತ್ತು. ಅವನು ಹೋಗಿ ಸ್ಕ್ರೂಡ್ರೈವರ್ ತಂದ. ಅಂದಿನ ಮೀಟಿಂಗನ್ನು ಮುಂದಕ್ಕೆ ಹಾಕಿ, ಗೋಡೆಯಿಂದ ಥರ್ಮೋಸ್ಟಾಟ್ ಕಿತ್ತು, ವೈರಿಗೆ ವೈರು ಜೋಡಿಸಿ, ಎದುರು ಗೋಡೆಗೆ ಕೂರಿಸಿದ. ಹತ್ತೇ ನಿಮಿಷಕ್ಕೆ ಗಾಳಿಯ ಸದ್ದು ತಗ್ಗಿತು. ಭಾಗೀರಥಮ್ಮ ಸ್ವೆಟರಿನ ಒಂದು ತೋಳು ಕಳಚಿದರು, ಆಮೇಲೆ ಇನ್ನೊಂದು.

ಶನಿವಾರದ ಹೊತ್ತಿಗೆ ದನಿ ಮುಕ್ಕಾಲು ಪಾಲು ಮರಳಿತ್ತು. ಆದರೆ ಹಾಲ್‌ನಲ್ಲಿ ಅದಕ್ಕೂ ಮುಂಚೆ ಯಾರೋ ಕುಣಿತದ ಕ್ಲಾಸು ನಡೆಸಿ, ಜೋರಾಗಿಟ್ಟ ಏಸಿಯನ್ನು ಹಾಗೇ ಬಿಟ್ಟುಹೋಗಿದ್ದರು. ಎರಡು ಪದ್ಯ ಸಾಂಗವಾಗಿ ಸಾಗಿತು. ಮೂರನೆಯದರ ಕೊನೆಯ ಪಾದದಲ್ಲಿ ದನಿ ಮುಳ್ಳಿಗೆ ಸಿಕ್ಕ ಸೀರೆಯಂತೆ ತಡೆಯಿತು. ಎಪ್ಪತ್ತು ಜನರ ಸಭೆ ಉಸಿರು ಬಿಗಿಹಿಡಿಯಿತು. ಮೂರನೇ ಸಾಲಿನಲ್ಲಿ ಕೂತಿದ್ದ ದ್ವಾರಕನಾಥ ತಲೆಯೆತ್ತಿ ಏಸಿಯ ಕಿಂಡಿಗಳತ್ತ ನೋಡಿದ.

ಭಾಗೀರಥಮ್ಮ ಪುಸ್ತಕದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಸಾಲು ಸಾಲಾಗಿ ಕಣ್ಣಾಡಿಸಿ ಅಳಿಯನನ್ನು ಹುಡುಕಿ, ಮೈಕಿಗೆ ಬಾಗಿ, ಇಡೀ ಸಭೆಗೆ ಕೇಳುವಂತೆ ಹೇಳಿದರು:

“ದ್ವಾರಕಾ, ಚಳಿ ಕಣಪ್ಪ. ಸ್ವಲ್ಪ ಕಡಿಮೆ ಮಾಡು.”